ನೆರೆಯವನು ಯಾರು?

ಕನ್ನಡಿಗರಾದ ನಮಗೆ ‘ಮಾಡು’ ಎಂಬ ಧಾತುವಿಗಿಂತ ‘ಆಗು’ ಎಂಬ ಧಾತುವಿನ ಮೇಲೆ ಒಲವು ಹೆಚ್ಚು. ಹಾಲು ಚೆಲ್ಲಿದವನು ‘ಚೆಲ್ಲಿದೆ’ ಎನ್ನುವುದಿಲ್ಲ, ‘ಚೆಲ್ಲಿಹೋಯಿತು’ ಎನ್ನುತ್ತಾನೆ. ಕಾಗದವನ್ನು ಕಳೆದ ಗುಮಾಸ್ತೆ ‘ಕಳೆದುಹೋಗಿದೆ’ ಎನ್ನುತ್ತಾನೆ. ಮನೆಯ ಮಟ್ಟದಲ್ಲಿ ಇದು ದೊಡ್ಡ ಅಪರಾಧವಲ್ಲ. ಮಾತಿನ ಒಂದು ನಯ ಎಂದುಕೊಂಡು ಸುಮ್ಮನಿರಬಹುದು. ಆದರೆ ಇದೇ ನಯ ಊರಿನ ಮಟ್ಟಕ್ಕೆ ಏರಿದಾಗ ಏನಾಗುತ್ತದೆಂಬುದನ್ನು ದಿನಪತ್ರಿಕೆಯ ಯಾವ ಪುಟದಲ್ಲಿಯಾದರೂ ನೋಡಬಹುದು. ಗೋಡೆ ಕುಸಿಯಿತು, ದೋಣಿ ಮಗುಚಿತು, ತಂತಿ ಹರಿದುಬಿತ್ತು, ಮಗು ಹೊಂಡಕ್ಕೆ ಬಿತ್ತು. ವಾಕ್ಯಗಳಲ್ಲಿ ಕರ್ತೃಪದವೇನೋ ಇದೆ. ಆದರೆ ಗೋಡೆ, ದೋಣಿ, ತಂತಿ, ಇವೇ ಕರ್ತೃಗಳು. ಸತ್ತ ಮಗುವೂ ಒಂದು ಕರ್ತೃ. ಗೋಡೆಯನ್ನು ಕಟ್ಟಿದವನು, ದೋಣಿಗೆ ಜನರನ್ನು ತುಂಬಿದವನು, ತಂತಿಯನ್ನು ನೋಡಿಕೊಳ್ಳಬೇಕಾಗಿದ್ದವನು, ಹೊಂಡವನ್ನು ತೆರೆದಿಟ್ಟು ಹೋದವನು, ಇವರು ಯಾರೂ ವ್ಯಾಕರಣದ ಕೈಗೆ ಸಿಕ್ಕುವುದಿಲ್ಲ. ಕೊನೆಗೆ ‘ಆಕಸ್ಮಿಕ’ ಎಂಬ ಒಂದು ಪದ, ‘ವಿಧಿ’ ಎಂಬ ಇನ್ನೊಂದು ಪದ ಸೇರಿ ಪ್ರಕರಣ ಮುಗಿಯುತ್ತದೆ.

ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದು ಕೇವಲ ವ್ಯಾಕರಣದ ವಿಚಾರವಾಗಿ ಕಾಣುವುದಿಲ್ಲ. ‘ಪ್ರಮಾದ’ ಎಂಬ ಶಬ್ದವನ್ನೇ ನೋಡಿ. ಇಂದು ನಾವು ಅದನ್ನು ತಪ್ಪು ಎಂಬ ಸಾಮಾನ್ಯಾರ್ಥದಲ್ಲಿ, ಅದೂ ಬಹುಮಟ್ಟಿಗೆ ‘ಪ್ರಮಾದವಾಯಿತು’ ಎಂಬ ರೂಪದಲ್ಲಿ ಬಳಸುತ್ತೇವೆ. ಆದರೆ ಅದರ ಮೂಲಾರ್ಥ ಎಚ್ಚರದಪ್ಪುವಿಕೆ, ಅನವಧಾನ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಸತ್ಯ, ಧರ್ಮ, ಕುಶಲ ಇವುಗಳ ವಿಷಯದಲ್ಲಿ ಪ್ರಮಾದ ಕೂಡದೆಂದು ಹೇಳಿ ಕಳುಹಿಸುತ್ತಾನೆ. ಮರೆವೂ ಒಂದು ದೋಷ, ಮೈಮರೆತು ಮಾಡಿದ್ದೂ ಮಾಡಿದ್ದೇ ಎಂಬ ತಿಳಿವಳಿಕೆ ಆ ಶಬ್ದದೊಳಗೆ ಇತ್ತು. ನಾವು ಶಬ್ದವನ್ನು ಉಳಿಸಿಕೊಂಡು ತಿಳಿವಳಿಕೆಯನ್ನು ಬಿಟ್ಟುಕೊಟ್ಟೆವು.

ಕೆಡುಕು ಮಾಡಬೇಕೆಂಬ ಮನಸ್ಸಿಲ್ಲದೆ ಮಾಡಿದ ಕೆಡುಕಿಗೆ ಹೊಣೆಯುಂಟೆ? ಈ ಪ್ರಶ್ನೆ ನಮಗೆ ಹೊಸದಲ್ಲ. ರಾಮಾಯಣದ ಅಯೋಧ್ಯಾಕಾಂಡದಲ್ಲಿ, ಮಗನನ್ನು ಕಾಡಿಗೆ ಕಳುಹಿಸಿ ಸಾವಿನ ಹತ್ತಿರ ಮಲಗಿದ ದಶರಥ ಕೌಸಲ್ಯೆಗೆ ತನ್ನ ಯೌವನದ ಒಂದು ಕಥೆಯನ್ನು ಹೇಳುತ್ತಾನೆ. ಕತ್ತಲಲ್ಲಿ, ಸರಯೂ ನದಿಯ ತೀರದಲ್ಲಿ, ನೀರು ತುಂಬುವ ಸದ್ದನ್ನು ಕೇಳಿ ಆನೆಯೆಂದು ಬಗೆದು ಬಾಣ ಬಿಟ್ಟ ಕಥೆ. ಕುರುಡರಾದ ತಂದೆತಾಯಿಗಳಿಗೆ ನೀರು ತರಲು ಬಂದಿದ್ದ ತರುಣ ಆ ಬಾಣಕ್ಕೆ ಸತ್ತ. ರಾಜನಿಗೆ ಅವನ ಮೇಲೆ ದ್ವೇಷವಿರಲಿಲ್ಲ. ಅವನು ಅಲ್ಲಿದ್ದಾನೆಂಬುದೇ ತಿಳಿದಿರಲಿಲ್ಲ. ಆದರೂ ಮಗನನ್ನು ಕಳೆದುಕೊಂಡ ಮುನಿ ಶಾಪ ಕೊಡುತ್ತಾನೆ. ಕೊಡುವಾಗಲೂ ಒಂದು ವಿವೇಕವಿದೆ: ತಿಳಿದು ಮಾಡಿದ್ದರೆ ನೀನು ಈಗಲೇ ಉಳಿಯುತ್ತಿರಲಿಲ್ಲ, ತಿಳಿಯದೆ ಮಾಡಿದುದರಿಂದ ಬದುಕಿದ್ದೀಯೆ, ಆದರೆ ಫಲದಿಂದ ನೀನು ಪಾರಾಗಲಾರೆ. ಕೊಲೆಗೂ ಪ್ರಮಾದಕ್ಕೂ ಇರುವ ಭೇದವನ್ನು, ಪ್ರಮಾದಕ್ಕೂ ನಿರ್ದೋಷಕ್ಕೂ ಇರುವ ಭೇದವನ್ನು ಇಷ್ಟು ಚೊಕ್ಕವಾಗಿ ಹೇಳಿದ ಸಂದರ್ಭ ಅಪರೂಪ. ದಶರಥನ ತಪ್ಪು ಬಾಣ ಬಿಟ್ಟದ್ದಲ್ಲ. ಹೊಳೆಯ ದಂಡೆಗೆ ಮನುಷ್ಯರೂ ನೀರಿಗೆ ಬರುತ್ತಾರೆಂಬುದನ್ನು ನೆನೆಯದೆ ಬಿಟ್ಟದ್ದು. ಶಬ್ದವೇಧಿ ವಿದ್ಯೆಯ ಹೆಮ್ಮೆಯಲ್ಲಿ ಅವನ ಕಿವಿ ಚುರುಕಾಯಿತು; ಕಲ್ಪನೆ ಮಾತ್ರ ಮಲಗಿತ್ತು.

ಕಲ್ಪನೆ ಮಲಗಿರುವುದೂ ಒಂದು ದೋಷವೆಂದು ನ್ಯಾಯಾಲಯವೊಂದು ವಿಧಿಸಿ ಹೇಳುವುದಕ್ಕೆ ಬಹಳ ಕಾಲ ಹಿಡಿಯಿತು. ಆ ಕಥೆ ನಡೆದದ್ದು ಸ್ಕಾಟ್ಲೆಂಡಿನ ಪೇಯ್ಸ್ಲಿ ಎಂಬ ಪಟ್ಟಣದಲ್ಲಿ. 1928ರ ಆಗಸ್ಟ್ 26, ಭಾನುವಾರದ ಸಂಜೆ. ಮೇ ಡೊನಹ್ಯೂ ಎಂಬ ಹೆಂಗಸು ಗೆಳತಿಯೊಡನೆ ಅಲ್ಲಿಯ ಒಂದು ಉಪಾಹಾರಗೃಹಕ್ಕೆ ಹೋದಳು. ಗೆಳತಿ ಅವಳಿಗಾಗಿ ಐಸ್‌ಕ್ರೀಮನ್ನೂ ಒಂದು ಸೀಸೆ ಶುಂಠಿಯ ಪಾನೀಯವನ್ನೂ ತರಿಸಿದಳು. ಸೀಸೆಯ ಗಾಜು ಕಪ್ಪು. ಒಳಗೇನಿದೆಯೆಂಬುದು ಹೊರಗೆ ಕಾಣುವಂತಿರಲಿಲ್ಲ. ಸ್ವಲ್ಪ ಕುಡಿದಾದ ಮೇಲೆ ಉಳಿದದ್ದನ್ನು ಬಗ್ಗಿಸಿದಾಗ ಕೊಳೆತ ಬಸವನಹುಳುವೊಂದು ತೇಲಿಬಂದಿತೆಂದು ಅವಳ ದೂರು. ಅವಳಿಗೆ ಹೊಟ್ಟೆಯ ಬೇನೆ ಬಂತು; ಮನಸ್ಸಿಗೂ ಆಘಾತವಾಯಿತು.

ಇನ್ನು ಅವಳು ಯಾರನ್ನು ಕೇಳಬೇಕು? ಉಪಾಹಾರಗೃಹದವನನ್ನು ಕೇಳುವಂತಿಲ್ಲ, ಹಣ ಕೊಟ್ಟು ಕೊಂಡವಳು ಗೆಳತಿ, ಒಪ್ಪಂದವೇನಿದ್ದರೂ ಅವಳೊಡನೆ. ಪಾನೀಯವನ್ನು ತಯಾರಿಸಿದ ಸ್ಟೀವನ್‌ಸನ್ ಎಂಬವನನ್ನು ಕೇಳೋಣವೆಂದರೆ ಅವನಿಗೂ ಇವಳಿಗೂ ಯಾವ ಒಪ್ಪಂದವೂ ಇಲ್ಲ. 1842ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಮುರಿದುಬಿದ್ದ ಅಂಚೆಗಾಡಿಯಿಂದ ಅಂಗವಿಕಲನಾದ ಗಾಡಿಯವನಿಗೆ ಇದೇ ಕಾರಣವನ್ನು ಹೇಳಿ ಕೈ ಆಡಿಸಿತ್ತು: ಗಾಡಿಯನ್ನು ಒದಗಿಸಿದವನ ಒಪ್ಪಂದ ಅಂಚೆಯ ಅಧಿಕಾರಿಯೊಡನೆ, ನಿನ್ನೊಡನೆ ಅಲ್ಲ. ತೊಂಬತ್ತು ವರ್ಷ ಆ ಗೋಡೆ ಬಹುಮಟ್ಟಿಗೆ ಹಾಗೆಯೇ ನಿಂತಿತ್ತು. ಡೊನಹ್ಯೂ ಅಂಗಡಿಯಲ್ಲಿ ದುಡಿದು ಬದುಕುತ್ತಿದ್ದವಳು. ಐದು ಪೌಂಡಿನ ಆಸ್ತಿಯೂ ತನಗಿಲ್ಲವೆಂದು ಪ್ರಮಾಣ ಮಾಡಿ, ದರಿದ್ರಳೆಂಬ ಹೆಸರಿನಲ್ಲಿ ಲಂಡನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋದಳು. 1932ರ ಮೇ 26ರಂದು ತೀರ್ಪು ಬಂತು. ಐವರಲ್ಲಿ ಮೂವರು ಅವಳ ಕಡೆ, ಇಬ್ಬರು ವಿರುದ್ಧ.

ಮೂವರಲ್ಲಿ ಒಬ್ಬರಾದ ಲಾರ್ಡ್ ಅಟ್ಕಿನ್ ಕೇಳಿಕೊಂಡ ಪ್ರಶ್ನೆ ಕಾನೂನಿನ ಪುಸ್ತಕದಿಂದ ಬಂದುದಲ್ಲ, ಬೈಬಲಿನಿಂದ ಬಂದುದು: ನನ್ನ ನೆರೆಯವನು ಯಾರು? ನೆರೆಯವನನ್ನು ಪ್ರೀತಿಸಬೇಕೆಂಬುದು ಧರ್ಮದ ಮಾತು; ಕಾನೂನು ಅಷ್ಟನ್ನು ಕೇಳಲಾರದು; ನೆರೆಯವನಿಗೆ ಹಾನಿ ಮಾಡಬೇಡ ಎಂದಷ್ಟೇ ಅದು ಕೇಳಬಲ್ಲುದು. ಆದರೆ ಆ ನೆರೆಯವನು ಯಾರೆಂದರೆ, ಅಟ್ಕಿನ್ನರ ಉತ್ತರದ ತಾತ್ಪರ್ಯ ಹೀಗೆ: ನನ್ನ ಕೆಲಸದಿಂದ ಯಾರು ನೇರವಾಗಿ ಬಾಧಿತರಾಗಬಹುದೋ, ಆದ್ದರಿಂದ ಆ ಕೆಲಸಕ್ಕೆ ಕೈಹಚ್ಚುವಾಗ ನಾನು ಯಾರನ್ನು ಮನಸ್ಸಿನಲ್ಲಿ ತಂದುಕೊಳ್ಳಬೇಕೋ ಅವರೇ ನನ್ನ ನೆರೆಯವರು. ಪೇಯ್ಸ್ಲಿಯ ಸೀಸೆ ತುಂಬುವವನಿಗೆ ಡೊನಹ್ಯೂವಿನ ಹೆಸರು ತಿಳಿದಿರಬೇಕಾಗಿಲ್ಲ. ಸೀಸೆಯನ್ನು ಯಾರೋ ಒಬ್ಬರು ಬಾಯಿಗೆ ಇಡುತ್ತಾರೆಂಬುದು ತಿಳಿದಿದ್ದರೆ ಸಾಕು.

ಈ ಮಾತನ್ನು ಓದಿದಾಗಲೆಲ್ಲ ನನಗೆ ನಮ್ಮ ‘ನೆರೆಹೊರೆ’ ಎಂಬ ಜೋಡುನುಡಿ ನೆನಪಾಗುತ್ತದೆ. ಹೊರೆಯೆಂದರೆ ಪಕ್ಕ, ಹೊರೆಯೆಂದರೆ ಭಾರ, ಹಳೆಗನ್ನಡದ ‘ಪೊರೆ’ ಎಂಬ ಕ್ರಿಯಾಪದಕ್ಕೆ ಕಾಪಾಡು, ಪೋಷಿಸು ಎಂಬ ಅರ್ಥ. ಇವೆಲ್ಲ ಒಂದೇ ಬೇರಿನ ಶಬ್ದಗಳೆಂದು ನಾನು ವಾದಿಸುತ್ತಿಲ್ಲ. ಕಿವಿಗೆ ಒಂದರ ಪಕ್ಕದಲ್ಲಿ ಒಂದು ಬಂದು ನಿಲ್ಲುತ್ತವೆ, ಅಷ್ಟೆ. ಆದರೆ ಪಕ್ಕದಲ್ಲಿರುವವನು ನನ್ನ ಭಾರ, ಆ ಭಾರವನ್ನು ನಾನು ಪೊರೆಯಬೇಕು ಎಂಬ ಭಾವನೆಯನ್ನು ಕಾನೂನು ಸಾವಿರಾರು ಪುಟಗಳಲ್ಲಿ ಬಿಡಿಸುತ್ತ ಬಂದಿದೆ.

ವಿರೋಧಿಸಿದ ಇಬ್ಬರ ವಾದವನ್ನು ಹಗುರವಾಗಿ ತೆಗೆದುಹಾಕುವುದು ನ್ಯಾಯವಲ್ಲ. ಲಾರ್ಡ್ ಬಕ್‌ಮಾಸ್ಟರ್ ಕೇಳಿದ್ದು ಇಷ್ಟು: ಒಂದು ಹೆಜ್ಜೆ ಹೋಗಬಹುದಾದರೆ ಐವತ್ತು ಹೆಜ್ಜೆ ಏಕೆ ಹೋಗಬಾರದು? ಮನೆ ಕಟ್ಟಿದವನು ಆ ಮನೆಗೆ ಎಂದೋ ಬಂದ ಅತಿಥಿಗೂ ಹೊಣೆಯೆ? ಹೊಣೆಗೆ ಎಲ್ಲೆಯೇ ಇಲ್ಲದಿದ್ದರೆ ಯಾರು ತಾನೆ ಏನನ್ನಾದರೂ ಮಾಡಲು ಮುಂದೆ ಬಂದಾರು? ಪ್ರಶ್ನೆ ಸರಿಯಾದದ್ದೇ. ಅಂದಿನಿಂದ ಇಂದಿನವರೆಗೆ ಈ ಕಾನೂನಿನ ಇತಿಹಾಸವೆಲ್ಲ ಎಲ್ಲಿ ಗೆರೆ ಎಳೆಯಬೇಕೆಂಬ ವಿಚಾರದ ಇತಿಹಾಸ.

ಎರಡು ಮೊಕದ್ದಮೆಗಳನ್ನು ಜೊತೆಯಾಗಿಟ್ಟು ನೋಡಿದರೆ ಗೆರೆಯ ಸ್ವರೂಪ ಗೊತ್ತಾಗುತ್ತದೆ. ಮೊದಲನೆಯದು 1951ರದು. ಇಂಗ್ಲೆಂಡಿನ ಒಂದು ಕ್ರಿಕೆಟ್ ಮೈದಾನದಿಂದ ಚೆಂಡು ಬೇಲಿ ಹಾರಿ ರಸ್ತೆಯಲ್ಲಿ ನಿಂತಿದ್ದ ಹೆಂಗಸಿಗೆ ಬಡಿಯಿತು. ಸುಮಾರು ಮೂವತ್ತು ವರ್ಷಗಳಲ್ಲಿ ಚೆಂಡು ಹಾಗೆ ರಸ್ತೆಗೆ ಹಾರಿದ್ದು ಆರು ಬಾರಿ ಇದ್ದೀತು. ಅಷ್ಟು ವಿರಳವಾದ ಅಪಾಯಕ್ಕಾಗಿ ಆಟವನ್ನು ನಿಲ್ಲಿಸಬೇಕಾಗಿರಲಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿತು. ಎರಡನೆಯದು 1964ರದು. ಲಂಡನಿನಲ್ಲಿ ವಿದ್ಯುತ್ ಮಂಡಲಿಯ ಕೆಲಸಗಾರರು ಕಾಲುದಾರಿಯಲ್ಲಿ ಕಂದಕ ತೋಡಿ, ಅದರ ಮುಂದೆ ಒಂದು ಉದ್ದ ಹಿಡಿಯ ಸುತ್ತಿಗೆಯನ್ನು ಓರೆಯಾಗಿ ಒರಗಿಸಿ ಇಟ್ಟಿದ್ದರು. ಕಣ್ಣಿದ್ದವರಿಗೆ ಅಷ್ಟು ಸಾಕು. ಆದರೆ ಕೋಲೂರಿಕೊಂಡು ಬಂದ ಕುರುಡನೊಬ್ಬನ ಕೋಲಿಗೆ ಅದು ಸಿಕ್ಕಲಿಲ್ಲ. ಅವನು ಎಡವಿ ಬಿದ್ದ. ಕಣ್ಣಿಲ್ಲದವನು ಕಿವಿಯನ್ನೂ ಕಳೆದುಕೊಂಡ. ಕುರುಡರೂ ಬೀದಿಯಲ್ಲಿ ಒಬ್ಬರೇ ನಡೆಯುತ್ತಾರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಬೀದಿಯನ್ನು ಅಗೆಯುವವನು ಅವರನ್ನೂ ನೆನೆಯಬೇಕಾಗಿತ್ತು ಎಂದು ಅದೇ ಸಭೆ ಹೇಳಿತು. ಊಹೆಗೆ ಎಟುಕದ್ದನ್ನು ಊಹಿಸೆಂದು ಕಾನೂನು ಹೇಳುವುದಿಲ್ಲ. ಊಹಿಸಬಹುದಾಗಿದ್ದುದನ್ನು ಊಹಿಸದೆ ಬಿಟ್ಟೆಯೇಕೆ ಎಂದಷ್ಟೇ ಕೇಳುತ್ತದೆ.

ಅಟ್ಕಿನ್ನರ ಮಾತಿನಲ್ಲಿ ಒಂದು ವ್ಯಂಗ್ಯವೂ ಅಡಗಿದೆ. ಅವರು ಎತ್ತಿಕೊಂಡ ಪ್ರಶ್ನೆಗೆ ಬೈಬಲಿನಲ್ಲಿ ಉತ್ತರವಾಗಿ ಬರುವುದು ಸಮಾರ್ಯದವನ ಕಥೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದವನನ್ನು ನೋಡಿಯೂ ನೋಡದವರಂತೆ ಪುರೋಹಿತನೂ ಲೇವಿಯನೂ ಆಚೆಯ ಮಗ್ಗುಲಿನಿಂದ ಹೋದರು. ಪರಜನಾಂಗದ ಸಮಾರ್ಯದವನು ನಿಂತು ಉಪಚರಿಸಿದ. ಆ ಪುರೋಹಿತನ ಮೇಲೆ ಇಂದು ದಾವೆ ಹೂಡಿದರೆ ಅಟ್ಕಿನ್ನರ ಕಾನೂನು ಅವನನ್ನು ಬಿಟ್ಟುಬಿಡುತ್ತದೆ! ಅವನು ಗಾಯ ಮಾಡಿದವನಲ್ಲ, ಸುಮ್ಮನೆ ಹೋದವನು. ಸುಮ್ಮನೆ ಹೋಗುವುದನ್ನು ಈ ಕಾನೂನು ಸಾಮಾನ್ಯವಾಗಿ ದಂಡಿಸುವುದಿಲ್ಲ. ಕಾನೂನಿನ ನೆರೆಗಿಂತ ಧರ್ಮದ ನೆರೆ ದೊಡ್ಡದು. ಕಾನೂನು ಕೇಳುವುದು ಕನಿಷ್ಠವನ್ನು. ನಮ್ಮ ದುಃಖವೆಂದರೆ, ಆ ಕನಿಷ್ಠವೂ ನಮ್ಮಲ್ಲಿ ನಡೆಯದಿರುವುದು.

ನಮ್ಮ ದೇಶದಲ್ಲಿ ಈ ಕಾನೂನು ಒಂದು ಸಂಹಿತೆಯಾಗಿ ಇಲ್ಲ. ಅಪರಾಧಗಳಿಗೆ, ಒಪ್ಪಂದಗಳಿಗೆ ಬ್ರಿಟಿಷರು ಕಾಯಿದೆ ಬರೆದರು. ಟಾರ್ಟ್ ಎಂಬ ಈ ಅಪಕೃತ್ಯಗಳ ವಿಷಯಕ್ಕೆ ಸರ್ ಫ್ರೆಡರಿಕ್ ಪೊಲಾಕ್ ಒಂದು ಕರಡನ್ನು ಸಿದ್ಧಮಾಡಿಕೊಟ್ಟರೂ ಅದು ಕಾಯಿದೆಯಾಗಲಿಲ್ಲ. ಆದ್ದರಿಂದ ನಮ್ಮ ನ್ಯಾಯಾಧೀಶರು ಇಂಗ್ಲೆಂಡಿನ ತೀರ್ಪುಗಳನ್ನು ಮುಂದಿಟ್ಟುಕೊಂಡು, ನಮ್ಮ ಸಂದರ್ಭಕ್ಕೆ ಒಗ್ಗುವಂತೆ ದಾರಿ ಮಾಡಿಕೊಳ್ಳುತ್ತ ಬಂದರು. 1951ರಲ್ಲಿ ದೆಹಲಿಯ ಚಾಂದನಿ ಚೌಕದ ಗಡಿಯಾರಗೋಪುರ ಕುಸಿದು ಕೆಳಗಿದ್ದವರು ಸತ್ತರು. ಗೋಪುರಕ್ಕೆ ವಯಸ್ಸು ಎಂಬತ್ತು. ಅದರ ಗಾರೆಗೆ ಇದ್ದ ಆಯುಸ್ಸು ಅದರ ಅರ್ಧದಷ್ಟು. 1966ರಲ್ಲಿ ಸುಪ್ರೀಂ ಕೋರ್ಟು, ಇಂಥ ಕಟ್ಟಡ ಬೀಳುವುದೇ ನಗರಸಭೆಯ ಅಲಕ್ಷ್ಯಕ್ಕೆ ಸಾಕ್ಷಿ, ದಾರಿಹೋಕನು ಬೇರೆ ಸಾಕ್ಷಿಯನ್ನು ತರಬೇಕಾಗಿಲ್ಲವೆಂದಿತು. 1985ರ ಡಿಸೆಂಬರಿನಲ್ಲಿ ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಮ್ ಅನಿಲ ಸೋರಿದ ಪ್ರಕರಣದಲ್ಲಿ, ಭೋಪಾಲದ ನೆನಪು ಇನ್ನೂ ಹಸಿಯಾಗಿದ್ದಾಗ, ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಅಪಾಯಕಾರಿಯಾದ ಉದ್ಯಮ ನಡೆಸುವವನು ಎಚ್ಚರಿಕೆ ವಹಿಸಿದ್ದೆನೆಂಬ ಸಬೂಬನ್ನೂ ಹೇಳುವಂತಿಲ್ಲವೆಂದು 1986ರಲ್ಲಿ ತೀರ್ಮಾನಿಸಿತು.

ಆದರೆ ಎಲ್ಲ ತೀರ್ಪುಗಳೂ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. 1975ರಲ್ಲಿ ರಾಜಕೋಟದಲ್ಲಿ ಕಚೇರಿಗೆ ನಡೆದುಹೋಗುತ್ತಿದ್ದ ಒಬ್ಬರ ಮೇಲೆ ರಸ್ತೆಬದಿಯ ಮರ ಉರುಳಿ ಅವರು ಸತ್ತರು. ನಗರಸಭೆ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ತೀರ್ಪು ಕೊಟ್ಟಿತು. ಮರಗಳನ್ನೆಲ್ಲ ಆಗಾಗ ಪರೀಕ್ಷಿಸುತ್ತಿರಬೇಕೆಂಬ ಹೊರೆಯನ್ನು ನಗರಸಭೆಯ ಮೇಲೆ ಹೊರಿಸುವುದು ಯುಕ್ತವಲ್ಲವೆಂಬುದು ಅದರ ಧೋರಣೆ. ನ್ಯಾಯಾಲಯದ ಬಗೆಗೆ ಪೂರ್ಣ ಗೌರವವಿಟ್ಟುಕೊಂಡೇ ಹೇಳುತ್ತೇನೆ: ಈ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ. ಗೋಪುರದ ಗಾರೆ ಸವೆಯುವುದು ಊಹೆಗೆ ಎಟುಕುವುದಾದರೆ ಮರದ ಬೇರು ಕೊಳೆಯುವುದೂ ಎಟುಕುತ್ತದೆ. ಮರ ನೆಡುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆರಳು ಕೊಟ್ಟ ಕೀರ್ತಿ ನಗರಸಭೆಯದು, ಬಿದ್ದ ಕೊಂಬೆ ದೈವದ್ದು ಎಂದು ಪಾಲು ಹಾಕಿಕೊಳ್ಳುವುದು ಸಲ್ಲದು.

ನಮ್ಮ ನಾಡಿನ ಮಾತಿಗೆ ಬರುತ್ತೇನೆ. ಉತ್ತರ ಕರ್ನಾಟಕದ ಒಣಭೂಮಿಯಲ್ಲಿ ರೈತ ನೀರಿಗಾಗಿ ಕೊಳವೆಬಾವಿ ತೋಡಿಸುತ್ತಾನೆ. ನೀರು ಬರುವುದಿಲ್ಲ. ಸಾಲ ಮೈಮೇಲೆ ಬೀಳುತ್ತದೆ. ಹಾಕಿದ್ದ ಕೊಳವೆಯನ್ನೂ ಕಿತ್ತು ಬೇರೆಡೆಗೆ ಒಯ್ಯುತ್ತಾರೆ. ಉಳಿಯುವುದು ಒಂದು ಗೇಣಗಲದ ಕತ್ತಲೆಯ ಬಾಯಿ. 2017ರ ಏಪ್ರಿಲಿನಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿಯೊಬ್ಬಳು ಅಂಥ ಬಾಯಿಗೆ ಬಿದ್ದು ಸತ್ತಳು. 2024ರ ಏಪ್ರಿಲಿನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬಿದ್ದ ಎಳೆಯ ಮಗು ಸುಮಾರು 20 ಗಂಟೆಗಳ ಮೇಲೆ ಜೀವಸಹಿತ ಹೊರಬಂದಾಗ ನಾಡೆಲ್ಲ ಹಿಗ್ಗಿತು. ಹಿಗ್ಗಬೇಕಾದದ್ದೇ. ಆದರೆ ಈ ಎರಡು ದಿನಾಂಕಗಳ ನಡುವೆ ಏಳು ವರ್ಷಗಳಿವೆ; ಮೊದಲನೆಯದಕ್ಕೂ ಏಳು ವರ್ಷ ಹಿಂದೆ, 2010ರಲ್ಲಿಯೇ, ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತ್ತು. ಬಾವಿ ತೋಡುವ ಮೊದಲು ಅಧಿಕಾರಿಗಳಿಗೆ 15 ದಿನ ಮುಂಚೆ ಬರೆದು ತಿಳಿಸಬೇಕು. ತೋಡುವಾಗ ಸುತ್ತ ಮುಳ್ಳುತಂತಿಯ ಬೇಲಿ ಹಾಕಬೇಕು. ಕೊಳವೆಯ ಬಾಯಿಗೆ ಉಕ್ಕಿನ ತಟ್ಟೆಯನ್ನು ಬೆಸೆಯಬೇಕು. ಬಿಟ್ಟ ಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ಬುಡದಿಂದ ನೆಲದವರೆಗೆ ಮುಚ್ಚಬೇಕು. ಇದರಲ್ಲಿ ಯಾವುದು ಅಸಾಧ್ಯ? ಯಾವುದು ನಮ್ಮ ಬಡತನಕ್ಕೆ ನಿಲುಕದ್ದು? ಕಡೆಗೆ ಒಂದು ಕಲ್ಲುಚಪ್ಪಡಿ, ನಾಲ್ಕು ಗಾಡಿ ಮಣ್ಣು!

ಬಡರೈತನನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ತೋಡುವ ಯಂತ್ರದವನಿದ್ದಾನೆ, ಪಂಚಾಯಿತಿಯಿದೆ, ತಿಳಿವಳಿಕೆಯ ಪತ್ರವನ್ನು ಪಡೆದು ಕಡತದೊಳಗೆ ಇಡಬೇಕಾದವರಿದ್ದಾರೆ. ಹೊಲಕ್ಕೆ ಹೊಂದಿಕೊಂಡ ದಾರಿಯಲ್ಲಿ ದಿನವೂ ಓಡಾಡುತ್ತ ಆ ಬಾಯನ್ನು ನೋಡಿದ ಊರಿನವರಿದ್ದಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದರಲ್ಲಿ ನಮ್ಮಷ್ಟು ಚುರುಕಾದವರಿಲ್ಲ. ಯಂತ್ರಗಳು ಬರುತ್ತವೆ, ಮಂತ್ರಿಗಳು ಬರುತ್ತಾರೆ, ದೇವಸ್ಥಾನದಲ್ಲಿ ಪೂಜೆಯಾಗುತ್ತದೆ. ಮಗು ಬಿದ್ದ ಮೇಲೆ ಅದು ಇಡೀ ನಾಡಿನ ನೆರೆಮಗು. ಬೀಳುವ ಮೊದಲು ಅದು ಯಾರ ಮನಸ್ಸಿನಲ್ಲಿಯೂ ಇರಲಿಲ್ಲ.

ಕೊನೆಗೆ ‘ಪರಿಹಾರ’ ಬರುತ್ತದೆ. ಈ ಶಬ್ದದ ಮೇಲೆಯೂ ನನಗೊಂದು ದೂರಿದೆ. ಸರಕಾರ ಕರುಣೆಯಿಂದ ಘೋಷಿಸುವ ಹಣಕ್ಕೂ, ನ್ಯಾಯಾಲಯ ವಿಚಾರಿಸಿ ತಪ್ಪಿತಸ್ಥನಿಂದ ಕೊಡಿಸುವ ಹಣಕ್ಕೂ ನಾವು ಒಂದೇ ಹೆಸರಿಟ್ಟಿದ್ದೇವೆ. ಎರಡೂ ಒಂದಲ್ಲ. ಮೊದಲನೆಯದು ದಾನ, ಕೊಡುವವನ ಕೈ ಮೇಲಿರುತ್ತದೆ. ಎರಡನೆಯದು ಋಣ, ಕೊಡುವವನ ತಲೆ ಬಾಗಿರುತ್ತದೆ. ಮೊದಲನೆಯದು ಪ್ರಶ್ನೆಯನ್ನು ಮುಚ್ಚುತ್ತದೆ. ಎರಡನೆಯದು ಪ್ರಶ್ನೆಗೆ ಉತ್ತರ ದೊರೆತ ಮೇಲೆ ಮಾತ್ರ ಬರುತ್ತದೆ. ಡೊನಹ್ಯೂ ಲಂಡನಿನವರೆಗೆ ಹೋದದ್ದು ಕನಿಕರವನ್ನು ಬೇಡುವುದಕ್ಕಲ್ಲ. ನೀನು ನನ್ನನ್ನು ನೆನೆಯಬೇಕಾಗಿತ್ತು ಎಂದು ಹೇಳುವುದಕ್ಕೆ. ಸೀಸೆಯಲ್ಲಿ ಬಸವನಹುಳು ಇತ್ತೋ ಇಲ್ಲವೋ ಎಂಬುದು ಕಡೆಗೂ ರುಜುವಾತಾಗಲಿಲ್ಲ. ಕಾನೂನಿನ ಪ್ರಶ್ನೆ ತೀರ್ಮಾನವಾದ ಮೇಲೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಆದರೂ ಅವಳು ಎತ್ತಿದ ಪ್ರಶ್ನೆ ಉಳಿಯಿತು.

ಇಷ್ಟು ಹೊಣೆ ಹೊರಿಸಿದರೆ ಜನ ಅಂಜಿ ಕೈಕಟ್ಟಿ ಕುಳಿತಾರು, ವೈದ್ಯರು ಕಠಿಣವಾದ ರೋಗವನ್ನು ಮುಟ್ಟಲು ಹಿಂಜರಿದಾರು ಎಂಬ ಆಕ್ಷೇಪ ಇದ್ದೇ ಇದೆ. ಅದಕ್ಕೂ ನ್ಯಾಯಾಲಯಗಳು ಉತ್ತರ ಹೇಳಿವೆ. ವೈದ್ಯನಿಂದ ಅವು ಬಯಸುವುದು ಅವನ ವೃತ್ತಿಗೆ ಸಾಧಾರಣವಾಗಿ ಇರಬೇಕಾದ ಕುಶಲತೆಯನ್ನು, ಪವಾಡವನ್ನಲ್ಲ. ರೋಗಿ ಸತ್ತ ಮಾತ್ರಕ್ಕೆ ವೈದ್ಯ ಅಪರಾಧಿಯಾಗುವುದಿಲ್ಲವೆಂದು 2005ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಎಚ್ಚರಕ್ಕೂ ಅಂಜಿಕೆಗೂ ಅಜಗಜಾಂತರ. ಅಂಜುವವನು ತನ್ನನ್ನು ನೆನೆಯುತ್ತಾನೆ. ಎಚ್ಚರದವನು ಎದುರಿಗಿರುವವನನ್ನು ನೆನೆಯುತ್ತಾನೆ.

ಸಾಹಿತ್ಯದ ಪುಟದಲ್ಲಿ ಕೋರ್ಟಿನ ಮಾತೇಕೆ ಎಂದು ವಾಚಕರು ಕೇಳಬಹುದು. ನನ್ನ ಉತ್ತರ ಇಷ್ಟೆ. ಎದುರಿಗೆ ಇಲ್ಲದವನನ್ನು ಇದ್ದಾನೆಂಬಂತೆ ಮನಸ್ಸಿಗೆ ತಂದುಕೊಳ್ಳುವ ಶಕ್ತಿಗೆ ನಾವು ತರಗತಿಯಲ್ಲಿ ಪ್ರತಿಭೆ ಎನ್ನುತ್ತೇವೆ, ಕಲ್ಪನೆ ಎನ್ನುತ್ತೇವೆ, ಸಹೃದಯತೆ ಎನ್ನುತ್ತೇವೆ. ಅದಕ್ಕೆ ಅಂಕ ಕೊಡುತ್ತೇವೆ. ಅದೇ ಶಕ್ತಿಯನ್ನು ಒಬ್ಬ ಸೀಸೆ ತುಂಬುವವನಿಂದ, ಬೀದಿ ಅಗೆಯುವವನಿಂದ ಕಾನೂನು ಕರ್ತವ್ಯವೆಂದು ಕೇಳುತ್ತದೆ. ಕಾವ್ಯವನ್ನು ಓದಿ ಕಣ್ಣೊದ್ದೆ ಮಾಡಿಕೊಂಡ ವಿದ್ಯಾರ್ಥಿ ನಾಳೆ ಎಂಜಿನಿಯರನೋ ಗುತ್ತಿಗೆದಾರನೋ ಪಂಚಾಯಿತಿಯ ಕಾರ್ಯದರ್ಶಿಯೋ ಆಗಿ, ತೆರೆದ ಬಾವಿಯ ಕಡತದ ಮೇಲೆ ನೋಡದೆ ರುಜು ಹಾಕಿದರೆ, ನಾವು ಅವನಿಗೆ ಕಲಿಸಿದ ಕರುಣರಸ ಎಲ್ಲಿ ಹೋಯಿತು? ಸತ್ತ ತರುಣನಿಗಾಗಿ ಅಳುವುದನ್ನು ಕಲಿತರೆ ಸಾಲದು. ಬಾಣ ಹೂಡುವ ಮೊದಲು ನೀರಿನ ಸದ್ದಿನಲ್ಲಿ ಮನುಷ್ಯನನ್ನು ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು.

ಕಾಯಿದೆಗಳನ್ನು ಬರೆಯುವುದು ನಮ್ಮ ಕೈಯಲ್ಲಿಲ್ಲ. ವಾಕ್ಯಗಳನ್ನು ಬರೆಯುವುದು ಇದೆ. ಇನ್ನು ಮುಂದೆ ಅಂಥ ಸುದ್ದಿಯನ್ನು ಬರೆಯುವವರು, ಓದುವವರು, ತರಗತಿಯಲ್ಲಿ ಚರ್ಚಿಸುವವರು ‘ಮಗು ಬಾವಿಗೆ ಬಿತ್ತು’ ಎಂಬಲ್ಲಿಗೆ ಪೂರ್ಣವಿರಾಮವನ್ನು ಹಾಕದಿರಲಿ. ಬಾವಿಯನ್ನು ಯಾರು ತೆರೆದಿಟ್ಟರು ಎಂಬ ಇನ್ನೊಂದು ವಾಕ್ಯವನ್ನು ಸೇರಿಸಲಿ. ಕರ್ತೃಪದವನ್ನು ಹುಡುಕಿ ಅದರ ಜಾಗದಲ್ಲಿ ಕೂರಿಸುವುದು ವ್ಯಾಕರಣದ ಮೊದಲ ಪಾಠ. ನಾಗರಿಕತೆಯ ಮೊದಲ ಪಾಠವೂ ಅದೇ ಎಂದು ನನ್ನ ನಂಬಿಕೆ.